ಬಹುಭೌತಿಕ ಗಣಕ ಮಾದರಿ

ಬಹುಭೌತಿಕ ಗಣಕ ಮಾದರಿ ಎಂದರೆ ಒಂದರ ಮೇಲೊಂದು ಪರಿಣಾಮ ಬೀರುವ ಎರಡು ಅಥವಾ ಅದಕ್ಕಿಂತ ಹೆಚ್ಚು ಭೌತಿಕ ವಿದ್ಯಮಾನಗಳನ್ನು ಒಟ್ಟಾಗಿ ಲೆಕ್ಕ ಹಾಕಲು ರಚಿಸಿದ ಗಣಿತೀಯ ಮಾದರಿ ಹಾಗೂ ಅದನ್ನು ಗಣಕಯಂತ್ರದ ನೆರವಿನಿಂದ ಬಿಡಿಸುವ ವಿಧಾನ. ಇದನ್ನು ಮಲ್ಟಿಫಿಸಿಕ್ಸ್ ಮಾದರಿ ಎಂದೂ, ಇದರ ಮೂಲಕ ಬಿಡಿಸುವ ಸಮಸ್ಯೆಗಳನ್ನು ಸಂಯೋಜಿತ ಸಮಸ್ಯೆಗಳು ಎಂದೂ ಕರೆಯಲಾಗುತ್ತದೆ. ಗಾಳಿಗೆ ತೂಗಾಡುವ ಸೇತುವೆ, ಹೃದಯದ ಕವಾಟವನ್ನು ತೆರೆದು ಮುಚ್ಚುವ ರಕ್ತದ ಹರಿವು, ಪರಮಾಣು ಸ್ಥಾವರದ ಇಂಧನ ಸರಳು, ಜಲಾಶಯದ ತಳದಲ್ಲಿರುವ ಬಂಡೆ, ಸಾಗರ ಮತ್ತು ವಾಯುಮಂಡಲಗಳ ಕೊಡುಕೊಳ್ಳುವಿಕೆಯಿಂದ ರೂಪುಗೊಳ್ಳುವ ಮುಂಗಾರು ಇವೆಲ್ಲವೂ ಸಂಯೋಜಿತ ಸಮಸ್ಯೆಗಳಿಗೆ ಉದಾಹರಣೆಗಳು.

ಇಂತಹ ಸಮಸ್ಯೆಯ ಪ್ರತಿಯೊಂದು ಭಾಗವನ್ನೂ ಬಿಡಿಯಾಗಿ ನಿಖರವಾಗಿ ಲೆಕ್ಕ ಹಾಕುವ ವಿಧಾನಗಳು ಸಾಮಾನ್ಯವಾಗಿ ಮೊದಲೇ ಲಭ್ಯವಿರುತ್ತವೆ. ಆದರೆ ಸರಿಯಾದ ಎರಡು ಲೆಕ್ಕಗಳನ್ನು ಜೋಡಿಸಿದ ಮಾತ್ರಕ್ಕೆ ಸರಿಯಾದ ಒಟ್ಟು ಉತ್ತರ ದೊರೆಯುವುದಿಲ್ಲ. ಎರಡು ಭಾಗಗಳ ನಡುವೆ ಬಲ, ಉಷ್ಣ, ದ್ರವ್ಯ ಮೊದಲಾದವು ಯಾವಾಗ, ಎಲ್ಲಿ, ಯಾವ ಕ್ರಮದಲ್ಲಿ ವಿನಿಮಯವಾಗುತ್ತವೆ ಎಂಬುದನ್ನು ತಪ್ಪಾಗಿ ನಿರೂಪಿಸಿದರೆ ಇಡೀ ಲೆಕ್ಕವೇ ದಾರಿ ತಪ್ಪಬಹುದು. ಆದ್ದರಿಂದ ಈ ಕ್ಷೇತ್ರದ ಮುಖ್ಯ ಅಧ್ಯಯನ ವಿಷಯವು ಬಿಡಿ ಭಾಗಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಜೋಡಣೆಯೇ ಆಗಿದೆ.

ಪರಿಕಲ್ಪನೆ

ಭೌತವಿಜ್ಞಾನದ ಪಠ್ಯಗಳಲ್ಲಿ ಉಷ್ಣ, ಹರಿವು, ಸ್ಥಿತಿಸ್ಥಾಪಕತ್ವ, ವಿದ್ಯುತ್ ಮುಂತಾದ ವಿಷಯಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಕಲಿಸಲಾಗುತ್ತದೆ. ಪ್ರತಿಯೊಂದಕ್ಕೂ ತನ್ನದೇ ಆದ ನಿಯಮ ಮತ್ತು ಸಮೀಕರಣಗಳಿವೆ. ಒಂದು ವಿದ್ಯಮಾನವನ್ನು ಅಭ್ಯಸಿಸುವಾಗ ಉಳಿದವು ಬದಲಾಗುವುದಿಲ್ಲ ಎಂದು ಭಾವಿಸಿಕೊಳ್ಳುವುದು ವಾಡಿಕೆ. ಅನೇಕ ಸಂದರ್ಭಗಳಲ್ಲಿ ಈ ಭಾವನೆ ಸಮಂಜಸವೂ ಹೌದು. ಭದ್ರವಾದ ಕಟ್ಟಡದ ಮೇಲೆ ಬೀಸುವ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವಾಗ ಕಟ್ಟಡವು ಕೂದಲೆಳೆಯಷ್ಟು ಬಾಗುವುದನ್ನು ಕಡೆಗಣಿಸಬಹುದು.

ಆದರೆ ಬಾಗುವಿಕೆ ಹೆಚ್ಚಾದಾಗ ಪರಿಸ್ಥಿತಿ ಬದಲಾಗುತ್ತದೆ. ವಿಮಾನದ ರೆಕ್ಕೆ ಬಾಗಿದರೆ ಅದರ ಸುತ್ತಲಿನ ಗಾಳಿಯ ಹರಿವು ಬದಲಾಗುತ್ತದೆ. ಹರಿವು ಬದಲಾದರೆ ಒತ್ತಡ ಬದಲಾಗುತ್ತದೆ. ಒತ್ತಡ ಬದಲಾದರೆ ರೆಕ್ಕೆ ಬೇರೆ ರೀತಿಯಲ್ಲಿ ಬಾಗುತ್ತದೆ. ಈ ಚಕ್ರದಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬೇರ್ಪಡಿಸಲಾಗದು. ಎರಡೂ ಅಜ್ಞಾತಗಳನ್ನು ಏಕಕಾಲದಲ್ಲಿ ಕಂಡುಹಿಡಿಯಬೇಕಾಗುತ್ತದೆ. ಇದೇ ಸಂಯೋಜಿತ ಸಮಸ್ಯೆಯ ಮೂಲ ಲಕ್ಷಣ.

ಸಂಯೋಜನೆಯ ವಿಧಗಳು

ಪ್ರಭಾವದ ದಿಕ್ಕನ್ನು ಆಧರಿಸಿ ಸಂಯೋಜನೆಯನ್ನು ಎರಡು ಬಗೆಯಾಗಿ ವಿಂಗಡಿಸಲಾಗುತ್ತದೆ.

ಏಕಮುಖ ಸಂಯೋಜನೆ: ಮೊದಲನೆಯ ವಿದ್ಯಮಾನವು ಎರಡನೆಯದರ ಮೇಲೆ ಪರಿಣಾಮ ಬೀರುತ್ತದೆ, ಆದರೆ ಎರಡನೆಯದು ಮೊದಲನೆಯದನ್ನು ಗಣನೀಯವಾಗಿ ಬದಲಿಸುವುದಿಲ್ಲ. ಬಿಸಿಲಿಗೆ ಕಾಯ್ದ ರೈಲು ಹಳಿ ಹಿಗ್ಗುತ್ತದೆ; ಹಳಿಯ ಹಿಗ್ಗುವಿಕೆಯಿಂದ ಅದರ ತಾಪಮಾನ ಹೆಚ್ಚುಕಡಿಮೆಯಾಗುವುದು ತೀರಾ ಅಲ್ಪ. ಇಲ್ಲಿ ತಾಪಮಾನವನ್ನು ಮೊದಲು ಲೆಕ್ಕ ಹಾಕಿ, ಅದನ್ನು ಬಳಸಿ ಹಿಗ್ಗುವಿಕೆಯನ್ನು ಅನಂತರ ಕಂಡುಹಿಡಿಯಬಹುದು.

ದ್ವಿಮುಖ ಸಂಯೋಜನೆ: ಎರಡೂ ವಿದ್ಯಮಾನಗಳು ಪರಸ್ಪರ ಬದಲಾವಣೆ ಉಂಟುಮಾಡುತ್ತವೆ. ಮೇಲೆ ಹೇಳಿದ ವಿಮಾನದ ರೆಕ್ಕೆ ಇದಕ್ಕೆ ಉದಾಹರಣೆ.

ವಿನಿಮಯ ನಡೆಯುವ ಸ್ಥಳವನ್ನು ಆಧರಿಸಿಯೂ ಎರಡು ಬಗೆಗಳಿವೆ. ಸಾಗರ ಮತ್ತು ವಾಯುಮಂಡಲ, ರಕ್ತ ಮತ್ತು ರಕ್ತನಾಳದ ಗೋಡೆ ಮೊದಲಾದವು ಒಂದು ಸಂಪರ್ಕ ಮೇಲ್ಮೈಯಲ್ಲಿ ಮಾತ್ರ ಸಂಧಿಸುತ್ತವೆ. ಇದನ್ನು ಮೇಲ್ಮೈ ಸಂಯೋಜನೆ ಎನ್ನುತ್ತಾರೆ. ವಿದ್ಯುತ್ ಹರಿಯುವ ತಂತಿಯಲ್ಲಿ ವಿದ್ಯುತ್ತೂ ಉಷ್ಣವೂ ತಂತಿಯ ಇಡೀ ಒಡಲಿನಲ್ಲಿ ಒಟ್ಟಿಗೆ ಇರುತ್ತವೆ. ತಂತಿ ಬಿಸಿಯಾದಂತೆ ಅದರ ರೋಧ ಹೆಚ್ಚುತ್ತದೆ, ರೋಧ ಬದಲಾದಂತೆ ಬಿಸಿಯಾಗುವ ಪ್ರಮಾಣವೂ ಬದಲಾಗುತ್ತದೆ. ಇದನ್ನು ಗಾತ್ರ ಸಂಯೋಜನೆ ಎನ್ನುತ್ತಾರೆ.

ಇತಿಹಾಸ

ಟಕೋಮಾ ಸೇತುವೆಯ ಪತನ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ನ್ಯಾರೋಸ್ ತೂಗುಸೇತುವೆಯನ್ನು 1940ರ ಜುಲೈ 1ರಂದು ಸಂಚಾರಕ್ಕೆ ತೆರೆಯಲಾಯಿತು. ಅದೇ ವರ್ಷ ನವೆಂಬರ್ 7ರಂದು, ಗಂಟೆಗೆ ಸುಮಾರು 64 ಕಿ.ಮೀ. ವೇಗದ ಗಾಳಿಯಲ್ಲಿ ಅದು ತಿರುಚಿಕೊಳ್ಳುತ್ತ ತೂಗಾಡಿ ಕುಸಿದುಬಿತ್ತು. ಅದಕ್ಕಿಂತ ಹೆಚ್ಚಿನ ವೇಗದ ಗಾಳಿಯ ನೇರ ಒತ್ತಡವನ್ನು ತಡೆಯುವಷ್ಟು ಶಕ್ತಿ ಸೇತುವೆಗಿತ್ತು. ಸೇತುವೆಯ ಚಲನೆಯೇ ಗಾಳಿಯ ಹರಿವನ್ನು ಬದಲಿಸಿ, ಬದಲಾದ ಹರಿವು ಪ್ರತಿ ತೂಗಾಟದಲ್ಲೂ ಸೇತುವೆಗೆ ಮತ್ತಷ್ಟು ಶಕ್ತಿಯನ್ನು ತುಂಬುತ್ತ ಹೋಗುವ ಸಾಧ್ಯತೆಯನ್ನು ವಿನ್ಯಾಸದಲ್ಲಿ ಪರಿಗಣಿಸಿರಲಿಲ್ಲ. ವಾಯುಗತಿ ವಿಜ್ಞಾನಿ ಥಿಯೊಡೋರ್ ಫಾನ್ ಕಾರ್ಮನ್ ತನಿಖಾ ಸಮಿತಿಯ ಸದಸ್ಯರಲ್ಲಿ ಒಬ್ಬರಾಗಿದ್ದರು.

ಈ ಘಟನೆಯನ್ನು ಅನೇಕ ಪಠ್ಯಪುಸ್ತಕಗಳು ಅನುರಣನಕ್ಕೆ ಉದಾಹರಣೆಯಾಗಿ ನೀಡುತ್ತವೆ. ಆದರೆ ಯೂಸುಫ್ ಬಿಲ್ಲಾ ಮತ್ತು ರಾಬರ್ಟ್ ಸ್ಕ್ಯಾನ್ಲನ್ 1991ರಲ್ಲಿ ಪ್ರಕಟಿಸಿದ ಲೇಖನವು ಈ ವಿವರಣೆ ಸರಿಯಲ್ಲವೆಂದು ತೋರಿಸಿತು. ಅನುರಣನದಲ್ಲಿ ಹೊರಗಿನ ಬಲವೊಂದು ತನ್ನದೇ ಲಯದಲ್ಲಿ ವಸ್ತುವನ್ನು ತಳ್ಳುತ್ತದೆ. ಟಕೋಮಾದಲ್ಲಿ ಬಲದ ಲಯವನ್ನು ನಿರ್ಧರಿಸಿದ್ದು ಸೇತುವೆಯ ಚಲನೆಯೇ. ಇಂತಹ ಸ್ವಯಂಪ್ರೇರಿತ ಕಂಪನವನ್ನು ಫ್ಲಟರ್ ಎನ್ನುತ್ತಾರೆ. ಏಕಮುಖ ಪ್ರಭಾವಕ್ಕೂ ದ್ವಿಮುಖ ಸಂಯೋಜನೆಗೂ ಇರುವ ವ್ಯತ್ಯಾಸ ಈ ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ.

ಸಿದ್ಧಾಂತ ಮತ್ತು ವಿಧಾನಗಳ ಬೆಳವಣಿಗೆ

ಗಣಕಯಂತ್ರಗಳು ಬರುವ ಮೊದಲೇ ಕೆಲವು ಸಂಯೋಜಿತ ಸಿದ್ಧಾಂತಗಳು ರೂಪುಗೊಂಡಿದ್ದವು. ಜೇಡಿಮಣ್ಣಿನ ರಂಧ್ರಗಳಲ್ಲಿರುವ ನೀರು ಹೊರಗೆ ಹರಿದಂತೆ ಮಣ್ಣು ಕುಸಿಯುವ ಬಗೆಯನ್ನು ಕಾರ್ಲ್ ಟರ್ಜಾಗಿ 1920ರ ದಶಕದಲ್ಲಿ ವಿವರಿಸಿದರು. ಮಾರಿಸ್ ಬಯೋ 1941ರಲ್ಲಿ ಇದನ್ನು ಮೂರು ಆಯಾಮಗಳಿಗೆ ವಿಸ್ತರಿಸಿ, ನೀರಿನ ಒತ್ತಡ ಮತ್ತು ಘನವಸ್ತುವಿನ ವಿರೂಪಗಳೆರಡೂ ಇರುವ ಸಮೀಕರಣಗಳನ್ನು ನೀಡಿದರು.

ಸಂಖ್ಯಾತ್ಮಕ ವಿಧಾನಗಳ ಬೆಳವಣಿಗೆಯಲ್ಲಿ ಕೆಳಗಿನವು ಪ್ರಮುಖ ಘಟ್ಟಗಳು.

1968: ಗಿಲ್ಬರ್ಟ್ ಸ್ಟ್ರಾಂಗ್ ಅವರು ಎರಡು ಪ್ರಕ್ರಿಯೆಗಳನ್ನು ಸರದಿಯಲ್ಲಿ ಬಿಡಿಸುವ ಸಮ್ಮಿತ ವಿಭಜನಾ ಕ್ರಮವನ್ನು ಪ್ರಕಟಿಸಿದರು.

1969: ಸ್ಯುಕುರೊ ಮನಾಬೆ ಮತ್ತು ಕರ್ಕ್ ಬ್ರಯಾನ್ ಸಾಗರ ಹಾಗೂ ವಾಯುಮಂಡಲಗಳನ್ನು ಜೋಡಿಸಿದ ಹವಾಗುಣ ಮಾದರಿಯನ್ನು ಪ್ರಕಟಿಸಿದರು. ಮನಾಬೆಯವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

1972: ಚಾರ್ಲ್ಸ್ ಪೆಸ್ಕಿನ್ ಹೃದಯದ ಕವಾಟಗಳ ಸುತ್ತಲಿನ ಹರಿವನ್ನು ಲೆಕ್ಕ ಹಾಕಲು ನಿಮಜ್ಜಿತ ಗಡಿ ವಿಧಾನವನ್ನು ರೂಪಿಸಿದರು.

1974: ಹರ್ಟ್, ಆಮ್ಸ್‌ಡೆನ್ ಮತ್ತು ಕುಕ್ ಅವರು ಲೆಕ್ಕದ ಜಾಲವನ್ನು ಗಡಿಯೊಂದಿಗೆ ಚಲಿಸಲು ಬಿಡುವ ವಿಧಾನವನ್ನು ವಿವರಿಸಿದರು.

1977–1980: ಕೆ. ಸಿ. ಪಾರ್ಕ್ ಮತ್ತು ಕಾರ್ಲೋಸ್ ಫೆಲಿಪ್ಪಾ ಪ್ರವಾಹಿ ಹಾಗೂ ರಚನೆಗಳನ್ನು ಬೇರೆ ಬೇರೆ ತಂತ್ರಾಂಶಗಳಲ್ಲಿ ಸರದಿಯಾಗಿ ಬಿಡಿಸುವ ವಿಭಾಗಿತ ಕ್ರಮಗಳನ್ನು ಅಭಿವೃದ್ಧಿಪಡಿಸಿದರು.

ಸಂಪರ್ಕ ಮೇಲ್ಮೈಯ ನಿಬಂಧನೆಗಳು

ಎರಡು ಭಾಗಗಳು ಸಂಧಿಸುವಲ್ಲಿ ಕೆಲವು ಭೌತಿಕ ನಿಬಂಧನೆಗಳು ಕಡ್ಡಾಯವಾಗಿ ಪಾಲನೆಯಾಗಬೇಕು. ಪ್ರವಾಹಿ (ದ್ರವ ಅಥವಾ ಅನಿಲ) ಮತ್ತು ಘನ ರಚನೆಯ ನಡುವೆ ಮುಖ್ಯವಾಗಿ ಎರಡು ನಿಬಂಧನೆಗಳಿವೆ. ಮೊದಲನೆಯದಾಗಿ, ಗೋಡೆಗೆ ತಾಗಿದ ಪ್ರವಾಹಿಯ ವೇಗವು ಗೋಡೆಯ ವೇಗಕ್ಕೆ ಸಮನಾಗಿರಬೇಕು. ಎರಡನೆಯದಾಗಿ, ಪ್ರವಾಹಿಯು ಗೋಡೆಯ ಮೇಲೆ ಹಾಕುವ ಬಲವೂ ಗೋಡೆಯು ಪ್ರವಾಹಿಯ ಮೇಲೆ ಹಾಕುವ ಬಲವೂ ಸಮ ಮತ್ತು ವಿರುದ್ಧವಾಗಿರಬೇಕು. ಉಷ್ಣ ವಿನಿಮಯವಿದ್ದಾಗ, ಪೂರ್ಣ ಸಂಪರ್ಕದಲ್ಲಿರುವ ಎರಡೂ ಬದಿಯ ತಾಪಮಾನ ಒಂದೇ ಆಗಿರಬೇಕು ಮತ್ತು ಒಂದು ಬದಿಯಿಂದ ಹೊರಟಷ್ಟೇ ಉಷ್ಣ ಇನ್ನೊಂದು ಬದಿಯನ್ನು ಸೇರಬೇಕು.

ಕಾಗದದ ಮೇಲೆ ಸರಳವಾಗಿ ಕಾಣುವ ಈ ನಿಬಂಧನೆಗಳನ್ನು ಗಣಕಯಂತ್ರದಲ್ಲಿ ಪಾಲಿಸುವುದು ಕಷ್ಟ. ಪ್ರವಾಹಿಯ ಲೆಕ್ಕಕ್ಕೆ ಗೋಡೆಯ ಬಳಿ ಬಹಳ ಸೂಕ್ಷ್ಮವಾದ ಜಾಲ ಬೇಕು. ರಚನೆಯ ಲೆಕ್ಕಕ್ಕೆ ಒರಟಾದ ಜಾಲ ಸಾಕಾಗಬಹುದು. ಎರಡು ಜಾಲಗಳ ಬಿಂದುಗಳು ಒಂದರ ಮೇಲೊಂದು ಕೂರದಿದ್ದಾಗ ಒಂದರ ಬೆಲೆಗಳನ್ನು ಇನ್ನೊಂದಕ್ಕೆ ಅಂತರ್ಗಣನೆಯ ಮೂಲಕ ವರ್ಗಾಯಿಸಬೇಕಾಗುತ್ತದೆ. ಈ ವರ್ಗಾವಣೆಯಲ್ಲಿ ಬಲವೋ ಉಷ್ಣವೋ ಸ್ವಲ್ಪ ಸೋರಿಹೋಗುವ ಅಪಾಯವಿದೆ.

ಸಣ್ಣ ಸೋರಿಕೆಯೂ ದೀರ್ಘಾವಧಿಯ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಸಾಗರದ ಮೇಲ್ಮೈಯಲ್ಲಿ ಪ್ರತಿ ಚದರ ಮೀಟರಿಗೆ 1 ವ್ಯಾಟ್‌ನಷ್ಟು ಉಷ್ಣ ತಪ್ಪಾಗಿ ಸೇರುತ್ತಿದೆ ಎಂದುಕೊಳ್ಳೋಣ. ಒಂದು ವರ್ಷದಲ್ಲಿ ಅದು ಸುಮಾರು 3.15 ಕೋಟಿ ಜೂಲ್ ಆಗುತ್ತದೆ. ಅಷ್ಟೂ ಉಷ್ಣ ಮೇಲಿನ 100 ಮೀಟರ್ ನೀರಿನಲ್ಲೇ ಉಳಿದರೆ ಅದರ ತಾಪಮಾನ ವರ್ಷಕ್ಕೆ ಸುಮಾರು 0.08 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅಂದರೆ ಹತ್ತು ವರ್ಷಗಳಲ್ಲಿ 0.8 ಡಿಗ್ರಿ. ಹವಾಗುಣ ಬದಲಾವಣೆಯ ಅಧ್ಯಯನದಲ್ಲಿ ಇದು ಕಡೆಗಣಿಸಬಹುದಾದ ದೋಷವಲ್ಲ.

ಆರಂಭಿಕ ಹವಾಗುಣ ಮಾದರಿಗಳು ಇಂತಹದೇ ತೊಂದರೆಯನ್ನು ಎದುರಿಸಿದವು. ಬಿಡಿಯಾಗಿ ಚೆನ್ನಾಗಿ ನಡೆಯುತ್ತಿದ್ದ ಸಾಗರ ಮಾದರಿ ಮತ್ತು ವಾಯುಮಂಡಲ ಮಾದರಿಗಳನ್ನು ಜೋಡಿಸಿದಾಗ, ಎರಡೂ ಲೆಕ್ಕ ಹಾಕಿದ ಉಷ್ಣಪ್ರವಾಹಗಳು ತಾಳೆಯಾಗದೆ ಇಡೀ ಹವಾಗುಣವು ವಾಸ್ತವದಿಂದ ನಿಧಾನವಾಗಿ ದೂರ ಸರಿಯುತ್ತಿತ್ತು. ಇದನ್ನು ತಡೆಯಲು ಉಷ್ಣ ಮತ್ತು ನೀರಿನ ವಿನಿಮಯಕ್ಕೆ ಕೃತಕ ತಿದ್ದುಪಡಿಯೊಂದನ್ನು ಸೇರಿಸಲಾಗುತ್ತಿತ್ತು. ಭೌತಿಕ ಆಧಾರವಿಲ್ಲದ ಈ ತಿದ್ದುಪಡಿ ಟೀಕೆಗೆ ಗುರಿಯಾಗಿತ್ತು. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಹ್ಯಾಡ್‌ಸಿಎಂ3 ಮೊದಲಾದ ಮಾದರಿಗಳು ಇಂತಹ ತಿದ್ದುಪಡಿಯಿಲ್ಲದೆ ಸ್ಥಿರವಾಗಿ ನಡೆಯಲಾರಂಭಿಸಿದವು.

ಪರಿಹಾರ ವಿಧಾನಗಳು

ಏಕೀಕೃತ ವಿಧಾನ

ಎಲ್ಲ ವಿದ್ಯಮಾನಗಳ ಸಮೀಕರಣಗಳನ್ನೂ ಒಂದೇ ದೊಡ್ಡ ವ್ಯವಸ್ಥೆಯಾಗಿ ಬರೆದು ಏಕಕಾಲದಲ್ಲಿ ಬಿಡಿಸುವುದು ಏಕೀಕೃತ ವಿಧಾನ. ಸಾಮಾನ್ಯವಾಗಿ ನ್ಯೂಟನ್ ವಿಧಾನದ ಯಾವುದಾದರೊಂದು ರೂಪವನ್ನು ಇಲ್ಲಿ ಬಳಸುತ್ತಾರೆ. ಪ್ರತಿ ಅಜ್ಞಾತವು ಉಳಿದ ಅಜ್ಞಾತಗಳನ್ನು ಹೇಗೆ ಬದಲಿಸುತ್ತದೆ ಎಂಬ ಮಾಹಿತಿ ಒಂದು ಬೃಹತ್ ಮಾತೃಕೆಯಲ್ಲಿ ಅಡಕವಾಗಿರುತ್ತದೆ. ಬಲವಾದ ಸಂಯೋಜನೆಯಿದ್ದಾಗಲೂ ಈ ವಿಧಾನ ಸ್ಥಿರವಾಗಿರುತ್ತದೆ. ಆದರೆ ಮಾತೃಕೆಯ ಗಾತ್ರ ದೊಡ್ಡದು, ಅದರ ಅಂಶಗಳ ಪ್ರಮಾಣಗಳಲ್ಲಿ ಅಪಾರ ವ್ಯತ್ಯಾಸವಿರುತ್ತದೆ, ಮತ್ತು ಈಗಾಗಲೇ ಬರೆದಿರುವ ತಂತ್ರಾಂಶಗಳನ್ನು ಹಾಗೆಯೇ ಬಳಸಲು ಬರುವುದಿಲ್ಲ.

ವಿಭಾಗಿತ ವಿಧಾನ

ಪ್ರತಿ ವಿದ್ಯಮಾನಕ್ಕೂ ಪ್ರತ್ಯೇಕ ತಂತ್ರಾಂಶವನ್ನು ಬಳಸಿ, ಅವುಗಳ ನಡುವೆ ಗಡಿಯ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುವುದು ವಿಭಾಗಿತ ವಿಧಾನ. ಪ್ರತಿ ಕಾಲಹೆಜ್ಜೆಯಲ್ಲಿ ಒಮ್ಮೆ ಮಾತ್ರ ವಿನಿಮಯ ನಡೆದರೆ ಅದು ಸಡಿಲ ಸಂಯೋಜನೆ. ಎರಡೂ ಬದಿಯ ಉತ್ತರಗಳು ತಾಳೆಯಾಗುವವರೆಗೆ ವಿನಿಮಯವನ್ನು ಪುನರಾವರ್ತಿಸಿದರೆ ಅದು ಬಿಗಿ ಸಂಯೋಜನೆ. ದಶಕಗಳ ಕಾಲ ಪರೀಕ್ಷೆಗೆ ಒಳಪಟ್ಟ ತಂತ್ರಾಂಶಗಳನ್ನು ಮರುಬಳಸಬಹುದಾದ್ದರಿಂದ ಉದ್ಯಮಗಳಲ್ಲಿ ಈ ವಿಧಾನ ಹೆಚ್ಚು ಪ್ರಚಲಿತವಾಗಿದೆ.

ಕಾಲವಿಭಜನೆ

ಒಂದೇ ಪ್ರದೇಶದಲ್ಲಿ ಎರಡು ಪ್ರಕ್ರಿಯೆಗಳಿದ್ದಾಗ, ಒಂದು ಕಾಲಹೆಜ್ಜೆಯಲ್ಲಿ ಮೊದಲನೆಯದನ್ನು ಪೂರ್ತಿ ಮುಗಿಸಿ ಅನಂತರ ಎರಡನೆಯದನ್ನು ಬಿಡಿಸುವುದುಂಟು. ಈ ಕ್ರಮದಲ್ಲಿ ಕಾಲಹೆಜ್ಜೆಯನ್ನು ಅರ್ಧಕ್ಕಿಳಿಸಿದರೆ ದೋಷವೂ ಸುಮಾರು ಅರ್ಧಕ್ಕಿಳಿಯುತ್ತದೆ. ಸ್ಟ್ರಾಂಗ್ ಕ್ರಮದಲ್ಲಿ ಮೊದಲ ಪ್ರಕ್ರಿಯೆಯನ್ನು ಅರ್ಧ ಹೆಜ್ಜೆ, ಎರಡನೆಯದನ್ನು ಪೂರ್ಣ ಹೆಜ್ಜೆ, ಮತ್ತೆ ಮೊದಲನೆಯದನ್ನು ಅರ್ಧ ಹೆಜ್ಜೆ ಬಿಡಿಸಲಾಗುತ್ತದೆ. ಆಗ ಕಾಲಹೆಜ್ಜೆಯನ್ನು ಅರ್ಧಕ್ಕಿಳಿಸಿದರೆ ದೋಷ ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಜೋಡಣೆಯ ಅಸ್ಥಿರತೆ: ಒಂದು ಸರಳ ಲೆಕ್ಕ

ನೀರಿನಲ್ಲಿ ಮುಳುಗಿರುವ ವಸ್ತುವನ್ನು ತಳ್ಳಿದಾಗ ವಸ್ತುವಿನ ಜೊತೆಗೆ ಸುತ್ತಲಿನ ಸ್ವಲ್ಪ ನೀರನ್ನೂ ತಳ್ಳಬೇಕಾಗುತ್ತದೆ. ಹೀಗೆ ಸೇರಿಕೊಳ್ಳುವ ನೀರಿನ ಪಾಲನ್ನು ಹೆಚ್ಚುವರಿ ದ್ರವ್ಯರಾಶಿ ಎನ್ನುತ್ತಾರೆ. ವಿಭಾಗಿತ ವಿಧಾನದ ದೊಡ್ಡ ತೊಡಕು ಇದರಿಂದಲೇ ಹುಟ್ಟುತ್ತದೆ.

ವಸ್ತುವಿನ ದ್ರವ್ಯರಾಶಿ 4 ಕಿ.ಗ್ರಾಂ., ಹೆಚ್ಚುವರಿ ದ್ರವ್ಯರಾಶಿ 2 ಕಿ.ಗ್ರಾಂ., ಹೊರಗಿನ ಬಲ 12 ನ್ಯೂಟನ್ ಇರಲಿ. ವೇಗೋತ್ಕರ್ಷದ ಸರಿಯಾದ ಬೆಲೆ 12ನ್ನು 6ರಿಂದ ಭಾಗಿಸಿದಾಗ ಬರುವ 2 (ಮೀ./ಸೆ.²). ಎರಡು ಪ್ರತ್ಯೇಕ ತಂತ್ರಾಂಶಗಳಿರುವಾಗ ಇದನ್ನು ಹೀಗೆ ಲೆಕ್ಕ ಹಾಕಲಾಗುತ್ತದೆ: ಹಿಂದಿನ ಸುತ್ತಿನ ವೇಗೋತ್ಕರ್ಷವನ್ನು ಬಳಸಿ ಪ್ರವಾಹಿಯ ತಂತ್ರಾಂಶವು ನೀರಿನ ಪ್ರತಿರೋಧವನ್ನು ತಿಳಿಸುತ್ತದೆ, ರಚನೆಯ ತಂತ್ರಾಂಶವು ಅದನ್ನು 12ರಿಂದ ಕಳೆದು 4ರಿಂದ ಭಾಗಿಸುತ್ತದೆ. ಆರಂಭದ ಊಹೆ 5 ಆಗಿದ್ದರೆ ಮುಂದಿನ ಬೆಲೆಗಳು 0.5, 2.75, 1.625, 2.1875 ಎಂದು ಸಾಗಿ 2ರತ್ತ ಬರುತ್ತವೆ. ಪ್ರತಿ ಸುತ್ತಿನಲ್ಲೂ ದೋಷ ಅರ್ಧವಾಗುತ್ತದೆ.

ಈಗ ವಸ್ತುವಿನ ದ್ರವ್ಯರಾಶಿಯನ್ನು 1 ಕಿ.ಗ್ರಾಂ.ಗೆ ಇಳಿಸೋಣ. ಸರಿಯಾದ ಉತ್ತರ 12ನ್ನು 3ರಿಂದ ಭಾಗಿಸಿದಾಗ ಬರುವ 4. ಅದೇ ಕ್ರಮದಲ್ಲಿ 5ರಿಂದ ಆರಂಭಿಸಿದರೆ ಮುಂದಿನ ಬೆಲೆಗಳು 2, 8, −4, 20 ಎಂದು ಹೋಗುತ್ತವೆ. ಪ್ರತಿ ಸುತ್ತಿನಲ್ಲೂ ದೋಷ ಇಮ್ಮಡಿಯಾಗುತ್ತದೆ. ಎರಡೂ ತಂತ್ರಾಂಶಗಳು ತಮ್ಮ ಪಾಲಿನ ಲೆಕ್ಕವನ್ನು ಒಂದಿಷ್ಟೂ ತಪ್ಪಿಲ್ಲದೆ ಮಾಡಿವೆ. ಸರಿಯಾದ ಉತ್ತರಕ್ಕೆ ಬಹಳ ಹತ್ತಿರದಿಂದಲೇ ಲೆಕ್ಕ ಆರಂಭವಾಗಿದೆ. ಆದರೂ ಒಟ್ಟು ಉತ್ತರ ಕೈತಪ್ಪಿದೆ.

ಇದಕ್ಕೆ ಸುಲಭ ಪರಿಹಾರವೆಂದರೆ ಹೊಸ ಬೆಲೆಯನ್ನು ಪೂರ್ತಿಯಾಗಿ ಒಪ್ಪಿಕೊಳ್ಳದೆ, ಹೊಸದರ 0.3 ಪಾಲು ಮತ್ತು ಹಳೆಯದರ 0.7 ಪಾಲನ್ನು ಸೇರಿಸಿ ಮುಂದುವರಿಯುವುದು. ಆಗ 5ರ ನಂತರ 4.1, ಅನಂತರ 4.01 ಬರುತ್ತದೆ. ಈ ಪಾಲನ್ನು ಮೊದಲೇ ಊಹಿಸುವುದು ಕಷ್ಟವಾದ್ದರಿಂದ ಪ್ರತಿ ಸುತ್ತಿನ ಫಲಿತಾಂಶ ನೋಡಿ ತಾನಾಗಿ ಹೊಂದಿಸಿಕೊಳ್ಳುವ ಏಟ್ಕೆನ್ ವಿಧಾನ ಹಾಗೂ ಕ್ವಾಸಿ-ನ್ಯೂಟನ್ ವಿಧಾನಗಳು ಬಳಕೆಯಲ್ಲಿವೆ.

ಗಾಳಿಯಲ್ಲಿ ಹಾರುವ ಲೋಹದ ರೆಕ್ಕೆಗೆ ಈ ತೊಂದರೆ ಸಾಮಾನ್ಯವಾಗಿ ಬಾಧಿಸುವುದಿಲ್ಲ, ಏಕೆಂದರೆ ರೆಕ್ಕೆಗೆ ಹೋಲಿಸಿದರೆ ಗಾಳಿ ಬಹಳ ಹಗುರ. ರಕ್ತದ ಸಾಂದ್ರತೆಯಾದರೋ ರಕ್ತನಾಳದ ಗೋಡೆಯ ಸಾಂದ್ರತೆಗೆ ಹೆಚ್ಚುಕಡಿಮೆ ಸಮ. ಆದ್ದರಿಂದ ವಿಮಾನಗಳಿಗಾಗಿ ರೂಪಿಸಿದ ಸಡಿಲ ಸಂಯೋಜನೆಯ ಕ್ರಮಗಳು ರಕ್ತನಾಳಗಳ ಲೆಕ್ಕದಲ್ಲಿ ವಿಫಲವಾದವು. ಕೌಸಿನ್, ಜೆರ್ಬೊ ಮತ್ತು ನೊಬೈಲ್ 2005ರಲ್ಲಿ ಇದರ ಗಣಿತೀಯ ಕಾರಣವನ್ನು ವಿಶ್ಲೇಷಿಸಿದರು. ಕಾಲಹೆಜ್ಜೆಯನ್ನು ಚಿಕ್ಕದಾಗಿಸಿದರೆ ಸಂಖ್ಯಾತ್ಮಕ ಅಸ್ಥಿರತೆ ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಸಂಪೀಡನಗೊಳ್ಳದ ಪ್ರವಾಹಿಗಳ ಈ ಸಮಸ್ಯೆಯಲ್ಲಿ ಆ ಉಪಾಯ ಫಲಿಸುವುದಿಲ್ಲ.

ಅನ್ವಯಗಳು

ಮುಂಗಾರು ಮುನ್ಸೂಚನೆ

ಸಮುದ್ರದ ಮೇಲ್ಮೈ ಬೆಚ್ಚಗಿದ್ದರೆ ಮೋಡ ಮತ್ತು ಮಳೆಗೆ ಅನುಕೂಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಪಿ. ವಿ. ಜೋಸೆಫ್ ಮತ್ತು ಎನ್. ವಿ. ಜೋಶಿ ಅವರೊಂದಿಗೆ 1984ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಮುಂಗಾರು ಪ್ರದೇಶಗಳ ಸಾಗರ–ವಾಯುಮಂಡಲ ಸಂಯೋಜನೆಯನ್ನು ಕುರಿತದ್ದು. ಸಮುದ್ರದ ಮೇಲ್ಮೈ ತಾಪಮಾನ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೋಡಗಳು ರೂಪುಗೊಳ್ಳುವ ಪ್ರವೃತ್ತಿ ಗಣನೀಯವಾಗಿ ಹೆಚ್ಚುತ್ತದೆ ಎಂದು ಅದು ತೋರಿಸಿತು. ಆದರೆ ಆ ಮಿತಿಯ ಮೇಲೆ ಬೆಚ್ಚಗಿನ ಸಮುದ್ರವೊಂದೇ ಮಳೆಯ ಪ್ರಮಾಣವನ್ನು ನಿರ್ಧರಿಸುವುದಿಲ್ಲ.

ಇದರ ಮರುಪ್ರಭಾವವೂ ಅಷ್ಟೇ ಮುಖ್ಯ. ದಟ್ಟ ಮೋಡಗಳು ಬಿಸಿಲನ್ನು ತಡೆಯುತ್ತವೆ. ಬಿರುಗಾಳಿ ನೀರನ್ನು ಆವಿಯಾಗಿಸುತ್ತದೆ ಮತ್ತು ಆಳದ ತಣ್ಣನೆಯ ನೀರನ್ನು ಮೇಲಿನ ನೀರಿನೊಂದಿಗೆ ಬೆರೆಸುತ್ತದೆ. ಹೀಗೆ ಸಮುದ್ರ ತಣಿಯುತ್ತದೆ. ಮಳೆ ಬಿಡುವು ಕೊಟ್ಟಾಗ ಬಿಸಿಲು ಅದನ್ನು ಮತ್ತೆ ಕಾಯಿಸುತ್ತದೆ. ನದಿಗಳ ಸಿಹಿನೀರು ಬಂದು ಸೇರುವ ಬಂಗಾಳ ಕೊಲ್ಲಿಯಲ್ಲಿ ಮೇಲಿನ ಬೆಚ್ಚನೆಯ ಪದರ ತೆಳುವಾಗಿರುವುದರಿಂದ ಈ ಏರಿಳಿತ ಬೇಗ ನಡೆಯುತ್ತದೆ. ಇದನ್ನು ನೇರವಾಗಿ ಅಳೆಯಲು ಭಾರತದ ವಿಜ್ಞಾನಿಗಳು 1999ರಲ್ಲಿ ಬಾಬ್‌ಮೆಕ್ಸ್ ಎಂಬ ಪ್ರಯೋಗವನ್ನು ಬಂಗಾಳ ಕೊಲ್ಲಿಯಲ್ಲಿ ನಡೆಸಿದರು.

ಹಿಂದಿನ ಅನೇಕ ಅಧ್ಯಯನಗಳಲ್ಲಿ ಅಳತೆ ಮಾಡಿದ ಸಮುದ್ರ ತಾಪಮಾನವನ್ನು ವಾಯುಮಂಡಲ ಮಾದರಿಗೆ ಕೊಟ್ಟು ಮಳೆಯನ್ನು ಲೆಕ್ಕ ಹಾಕಲಾಗುತ್ತಿತ್ತು. ಅಂದರೆ ಸಂಯೋಜನೆಯನ್ನು ಏಕಮುಖವೆಂದು ಭಾವಿಸಲಾಗಿತ್ತು. ಬಿನ್ ವಾಂಗ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಈ ಕ್ರಮದ ಮೂಲಭೂತ ಕೊರತೆಯನ್ನು ತೋರಿಸಿದರು. ಸಮುದ್ರದ ನಿಜವಾದ ತಾಪಮಾನವನ್ನೇ ಕೊಟ್ಟರೂ ಮಾದರಿಗಳು ಏಷ್ಯಾ–ಪೆಸಿಫಿಕ್ ಬೇಸಿಗೆಯ ಮುಂಗಾರಿನ ಮಳೆಯನ್ನು ಸರಿಯಾಗಿ ನೀಡಲಿಲ್ಲ. ಸಮುದ್ರ ಬೆಚ್ಚಗಾದಲ್ಲೆಲ್ಲ ಮಾದರಿಗಳು ಹೆಚ್ಚು ಮಳೆ ಸುರಿಸಿದವು. ವಾಸ್ತವದಲ್ಲಿ ಕೆಲವು ಪ್ರದೇಶಗಳಲ್ಲಿ ಸಂಬಂಧ ತಿರುವುಮುರುವಾಗಿತ್ತು, ಏಕೆಂದರೆ ಅಲ್ಲಿ ಮಳೆಯ ವಾತಾವರಣವೇ ಸಮುದ್ರವನ್ನು ತಣಿಸುತ್ತಿತ್ತು. ಸಾಗರ ಮಾದರಿಯನ್ನು ಜೋಡಿಸಿದಾಗ ಈ ಸಂಬಂಧ ವಾಸ್ತವಕ್ಕೆ ಹತ್ತಿರವಾಯಿತು.

ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು 2012ರಲ್ಲಿ ಮಾನ್ಸೂನ್ ಮಿಷನ್ ಆರಂಭಿಸಿ, ಅಮೆರಿಕದ ಸಿಎಫ್‌ಎಸ್ ಎಂಬ ಸಂಯೋಜಿತ ಮಾದರಿಯನ್ನು ಭಾರತದ ಮುಂಗಾರಿಗೆ ತಕ್ಕಂತೆ ಸುಧಾರಿಸುವ ಕೆಲಸವನ್ನು ಕೈಗೊಂಡಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಇದರಲ್ಲಿ ಮುಖ್ಯ ಪಾತ್ರ ವಹಿಸಿದೆ. ಇದೇ ಸಂಸ್ಥೆ ರೂಪಿಸಿದ ಭೂವ್ಯವಸ್ಥೆ ಮಾದರಿಯು ಅಂತರರಾಷ್ಟ್ರೀಯ ಹವಾಗುಣ ಮಾದರಿಗಳ ಹೋಲಿಕೆಯ ಆರನೆಯ ಹಂತದಲ್ಲಿ ಭಾಗವಹಿಸಿತು. ಮಳೆಯಾಶ್ರಿತ ಬೇಸಾಯ ಹಾಗೂ ಕಾವೇರಿ, ಕೃಷ್ಣಾ ಕಣಿವೆಗಳ ಜಲಾಶಯಗಳನ್ನು ಅವಲಂಬಿಸಿರುವ ಕರ್ನಾಟಕದಂತಹ ರಾಜ್ಯಗಳಿಗೆ ಈ ಮುನ್ಸೂಚನೆಯ ಗುಣಮಟ್ಟ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಹೃದಯ ಮತ್ತು ರಕ್ತಪರಿಚಲನೆ

ಹೃದಯದ ಪೂರ್ಣ ಮಾದರಿಯಲ್ಲಿ ಕನಿಷ್ಠ ಮೂರು ವಿದ್ಯಮಾನಗಳು ಸೇರುತ್ತವೆ. ವಿದ್ಯುತ್ ಸಂಕೇತವು ಸ್ನಾಯುವನ್ನು ಸಂಕುಚಿಸುತ್ತದೆ, ಸ್ನಾಯುವಿನ ಸಂಕೋಚನ ರಕ್ತವನ್ನು ತಳ್ಳುತ್ತದೆ, ರಕ್ತದ ಒತ್ತಡ ಸ್ನಾಯುವಿನ ಆಕಾರವನ್ನು ಬದಲಿಸುತ್ತದೆ. ಕೃತಕ ಕವಾಟಗಳ ವಿನ್ಯಾಸ ಮತ್ತು ಮಹಾಪಧಮನಿಯ ಉಬ್ಬುಗಳ ಅಧ್ಯಯನಗಳಲ್ಲಿ ಇಂತಹ ಮಾದರಿಗಳು ಬಳಕೆಯಾಗುತ್ತವೆ.

ಪರಮಾಣು ಇಂಧನ

ಇಂಧನದ ಉಂಡೆ ಮತ್ತು ಅದನ್ನು ಸುತ್ತುವರಿದ ಲೋಹದ ಕವಚದ ನಡುವೆ ಅನಿಲ ತುಂಬಿದ ಕಿರಿದಾದ ತೆರಪು ಇರುತ್ತದೆ. ಉಂಡೆ ಬಿಸಿಯಾಗಿ ಹಿಗ್ಗಿದಂತೆ ತೆರಪು ಕಿರಿದಾಗುತ್ತದೆ, ಉಷ್ಣ ಸುಲಭವಾಗಿ ಹೊರಹೋಗುತ್ತದೆ, ಉಂಡೆಯ ತಾಪಮಾನ ಏರುವುದು ತಗ್ಗುತ್ತದೆ. ಜೊತೆಗೆ, ಇಂಧನದ ತಾಪಮಾನ ಏರಿದಾಗ ಯುರೇನಿಯಂ-238 ಹೆಚ್ಚು ನ್ಯೂಟ್ರಾನ್‌ಗಳನ್ನು ಹೀರಿಕೊಳ್ಳುವುದರಿಂದ ಸರಣಿ ಕ್ರಿಯೆ ಕುಗ್ಗುತ್ತದೆ. ಡಾಪ್ಲರ್ ಪರಿಣಾಮದಿಂದ ಉಂಟಾಗುವ ಈ ಮರುಪ್ರಭಾವವು ಸ್ಥಾವರದ ಸುರಕ್ಷತೆಗೆ ನೆರವಾಗುವ ಅಂಶಗಳಲ್ಲಿ ಒಂದು. ಉಷ್ಣವನ್ನು ನ್ಯೂಟ್ರಾನ್‌ಗಳಿಂದ ಬೇರ್ಪಡಿಸಿ ಲೆಕ್ಕ ಹಾಕಿದರೆ ಇದು ಕಾಣುವುದೇ ಇಲ್ಲ.

ಭೂಗರ್ಭ

ಬಂಡೆಯ ರಂಧ್ರ ಮತ್ತು ಬಿರುಕುಗಳಲ್ಲಿ ನೀರಿನ ಒತ್ತಡ ಹೆಚ್ಚಿದಾಗ ಬಂಡೆಯ ಎರಡು ಮುಖಗಳನ್ನು ಅದುಮಿ ಹಿಡಿದಿರುವ ಬಲ ಕಡಿಮೆಯಾಗಿ ಅವು ಜಾರುವ ಸಾಧ್ಯತೆ ಹೆಚ್ಚುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ 1967ರ ಡಿಸೆಂಬರ್‌ನಲ್ಲಿ ಸಂಭವಿಸಿದ 6.3 ತೀವ್ರತೆಯ ಭೂಕಂಪವನ್ನು ಜಲಾಶಯದಿಂದ ಪ್ರಚೋದಿತವಾದ ಭೂಕಂಪಗಳ ಪ್ರಮುಖ ಉದಾಹರಣೆಯೆಂದು ಪರಿಗಣಿಸಲಾಗಿದೆ. ನೀರಿನ ಹರಿವು ಮತ್ತು ಬಂಡೆಯ ವಿರೂಪಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಬಯೋ ಸಿದ್ಧಾಂತದ ಮಾದರಿಗಳು ಇಂತಹ ಅಧ್ಯಯನಗಳಿಗೆ ಆಧಾರವಾಗಿವೆ.

ತಂತ್ರಾಂಶಗಳು

ಸ್ವೀಡನ್ನಿನಲ್ಲಿ 1986ರಲ್ಲಿ ಸ್ಥಾಪನೆಯಾದ ಕಾಮ್ಸೋಲ್ ಸಂಸ್ಥೆಯ ವಾಣಿಜ್ಯ ತಂತ್ರಾಂಶವು ವಿಶ್ವವಿದ್ಯಾಲಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಮುಕ್ತ ತಂತ್ರಾಂಶಗಳಲ್ಲಿ ಅಮೆರಿಕದ ಐಡಹೊ ರಾಷ್ಟ್ರೀಯ ಪ್ರಯೋಗಾಲಯದ ಮೂಸ್ ಪ್ರಮುಖವಾದುದು. 2008ರಲ್ಲಿ ಆರಂಭವಾದ ಇದನ್ನು 2014ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಲಾಯಿತು. ಪರಮಾಣು ಇಂಧನದ ವರ್ತನೆಯನ್ನು ಲೆಕ್ಕ ಹಾಕುವ ಬೈಸನ್ ತಂತ್ರಾಂಶ ಇದರ ಮೇಲೆಯೇ ನಿರ್ಮಿತವಾಗಿದೆ.

ಜರ್ಮನಿಯ ಮ್ಯೂನಿಕ್ ಮತ್ತು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದ ಪ್ರಿಸೈಸ್ ಎಂಬ ಮುಕ್ತ ತಂತ್ರಾಂಶ ಯಾವ ಭೌತಿಕ ಸಮೀಕರಣವನ್ನೂ ತಾನು ಬಿಡಿಸುವುದಿಲ್ಲ. ಬೇರೆ ತಂತ್ರಾಂಶಗಳ ನಡುವೆ ಮಾಹಿತಿ ವರ್ಗಾವಣೆ, ಜಾಲಗಳ ನಡುವಿನ ಅಂತರ್ಗಣನೆ ಮತ್ತು ಪುನರಾವರ್ತನೆಯ ನಿಯಂತ್ರಣ ಮಾತ್ರ ಅದರ ಕೆಲಸ. ಹವಾಗುಣ ಮಾದರಿಗಳಿಗಾಗಿ ಇಂತಹದೇ ಕೆಲಸ ಮಾಡುವ ಓಯಸಿಸ್ ತಂತ್ರಾಂಶದ ಅಭಿವೃದ್ಧಿ ಫ್ರಾನ್ಸಿನ ಸರ್ಫಾಕ್ಸ್ ಸಂಸ್ಥೆಯಲ್ಲಿ 1991ರಲ್ಲಿ ಆರಂಭವಾಯಿತು.

ಪರಿಶೀಲನೆ ಮತ್ತು ದೃಢೀಕರಣ

ಸಮೀಕರಣಗಳನ್ನು ಸರಿಯಾಗಿ ಬಿಡಿಸಲಾಗಿದೆಯೇ ಎಂದು ನೋಡುವುದು ಪರಿಶೀಲನೆ. ಬಿಡಿಸಿದ ಸಮೀಕರಣಗಳು ವಾಸ್ತವಕ್ಕೆ ಒಪ್ಪುತ್ತವೆಯೇ ಎಂದು ಪ್ರಯೋಗದೊಂದಿಗೆ ತಾಳೆ ನೋಡುವುದು ದೃಢೀಕರಣ. ಬಿಡಿ ಭಾಗಗಳು ಎರಡೂ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರೂ ಜೋಡಿಸಿದ ಮಾದರಿಯನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಇದಕ್ಕಾಗಿ ಎಲ್ಲರೂ ಬಳಸುವ ಮಾನದಂಡ ಸಮಸ್ಯೆಗಳಿವೆ. ಸ್ಟೆಫಾನ್ ಟುರೆಕ್ ಮತ್ತು ಯಾರೊಸ್ಲಾವ್ ಹ್ರೋನ್ 2006ರಲ್ಲಿ ಪ್ರಕಟಿಸಿದ ಸಮಸ್ಯೆಯಲ್ಲಿ 2.5 ಮೀ. ಉದ್ದ, 0.41 ಮೀ. ಎತ್ತರದ ಕಾಲುವೆಯೊಳಗೆ ಒಂದು ಗಟ್ಟಿ ಉರುಳೆಯಿದ್ದು, ಅದರ ಹಿಂಬದಿಗೆ ಬಾಗಬಲ್ಲ ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಉರುಳೆಯನ್ನು ಕಾಲುವೆಯ ನಡುಮಧ್ಯದಿಂದ ಉದ್ದೇಶಪೂರ್ವಕವಾಗಿ ತುಸು ಪಕ್ಕಕ್ಕೆ ಇಡಲಾಗಿದೆ. ಸರಿಯಾಗಿ ಮಧ್ಯದಲ್ಲಿಟ್ಟರೆ ಪಟ್ಟಿಯ ತೂಗಾಟ ಯಾವಾಗ ಆರಂಭವಾಗುತ್ತದೆ ಎಂಬುದು ಗಣಕಯಂತ್ರದ ಅಂಕೆಗಳ ಸಣ್ಣಪುಟ್ಟ ದೋಷಗಳನ್ನು ಅವಲಂಬಿಸಿಬಿಡುತ್ತದೆ. ವಿಮಾನದ ರೆಕ್ಕೆಗಳ ಫ್ಲಟರ್ ಲೆಕ್ಕಕ್ಕೆ ನಾಸಾದ ಲ್ಯಾಂಗ್ಲಿ ಕೇಂದ್ರದ ಗಾಳಿಸುರಂಗದಲ್ಲಿ ಪರೀಕ್ಷಿಸಿದ ಅಗಾರ್ಡ್ 445.6 ರೆಕ್ಕೆ ಪ್ರಸಿದ್ಧ ಮಾನದಂಡವಾಗಿದೆ.

ಕಾರ್ಯಾಗಾರಗಳು ಮತ್ತು ಸಮ್ಮೇಳನಗಳು

ಗಣಿತಜ್ಞರು, ಎಂಜಿನಿಯರುಗಳು, ಹವಾಮಾನ ವಿಜ್ಞಾನಿಗಳು ಮತ್ತು ವೈದ್ಯಕೀಯ ಸಂಶೋಧಕರು ಬೇರೆ ಬೇರೆ ಪತ್ರಿಕೆಗಳಲ್ಲಿ, ಬೇರೆ ಬೇರೆ ಪರಿಭಾಷೆಯಲ್ಲಿ ಬರೆಯುತ್ತಾರೆ. ಒಂದೇ ಗಣಿತೀಯ ತೊಡಕನ್ನು ಹಲವು ಕ್ಷೇತ್ರಗಳು ಪ್ರತ್ಯೇಕವಾಗಿ ಎದುರಿಸಿದ ನಿದರ್ಶನಗಳಿವೆ. ಈ ಕಾರಣದಿಂದ ಸಂಯೋಜಿತ ಸಮಸ್ಯೆಗಳಿಗೇ ಮೀಸಲಾದ ಕಾರ್ಯಾಗಾರಗಳು ಈ ಕ್ಷೇತ್ರದಲ್ಲಿ ವಿಶೇಷ ಮಹತ್ವ ಪಡೆದಿವೆ.

ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ 2011ರ ಬೇಸಿಗೆಯಲ್ಲಿ ಬಹುಭೌತಿಕ ಅನುಕರಣೆಗಳ ಸವಾಲು ಮತ್ತು ಅವಕಾಶಗಳನ್ನು ಕುರಿತ ಕಾರ್ಯಾಗಾರ ನಡೆಯಿತು. ಅಲ್ಲಿನ ಚರ್ಚೆಗಳ ಆಧಾರದ ಮೇಲೆ ಡೇವಿಡ್ ಕೀಸ್, ಲೋಯಿಸ್ ಮೆಕಿನ್ಸ್, ಕ್ಯಾರೊಲ್ ವುಡ್‌ವರ್ಡ್ ಮತ್ತು ಇತರರು ಸಿದ್ಧಪಡಿಸಿದ ವಿಸ್ತೃತ ವರದಿ 2013ರಲ್ಲಿ ಪತ್ರಿಕಾ ಲೇಖನವಾಗಿ ಪ್ರಕಟವಾಯಿತು. ಪರಮಾಣು ಸ್ಥಾವರ, ಹವಾಗುಣ, ಭೂಗರ್ಭದ ಹರಿವು, ಪ್ರವಾಹಿ–ರಚನೆ ಮೊದಲಾದ ಕ್ಷೇತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ಅವುಗಳಿಗೆ ಸಾಮಾನ್ಯವಾದ ಪರಿಭಾಷೆ ಮತ್ತು ವಿಧಾನಗಳನ್ನು ಗುರುತಿಸಿದ್ದು ಈ ವರದಿಯ ವಿಶೇಷ. ಗಾತ್ರ ಮತ್ತು ಮೇಲ್ಮೈ ಸಂಯೋಜನೆಗಳ ನಡುವಿನ ವಿಂಗಡಣೆಯನ್ನೂ ಅದು ಚರ್ಚಿಸಿದೆ.

ಯುರೋಪಿನಲ್ಲಿ ಎಕೋಮಾಸ್ ಸಂಘಟನೆಯ ಆಶ್ರಯದಲ್ಲಿ ಸಂಯೋಜಿತ ಸಮಸ್ಯೆಗಳ ಅಂತರರಾಷ್ಟ್ರೀಯ ಸಮ್ಮೇಳನವು 2005ರಲ್ಲಿ ಗ್ರೀಸಿನ ಸಾಂಟೊರಿನಿಯಲ್ಲಿ ಆರಂಭವಾಗಿ, ಎರಡು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿದೆ. ಪ್ರಿಸೈಸ್ ಬಳಕೆದಾರರ ವಾರ್ಷಿಕ ಕಾರ್ಯಾಗಾರ 2020ರಲ್ಲಿ ಮ್ಯೂನಿಕ್‌ನಲ್ಲಿ ಪ್ರಾರಂಭವಾಯಿತು. ಉಪನ್ಯಾಸಗಳ ಜೊತೆಗೆ ತಂತ್ರಾಂಶಗಳನ್ನು ಜೋಡಿಸುವ ಪ್ರಾಯೋಗಿಕ ತರಬೇತಿಯೂ ಅದರ ಭಾಗವಾಗಿದೆ.

ಮಿತಿಗಳು ಮತ್ತು ಸವಾಲುಗಳು

ಕಾಲಮಾನಗಳ ಅಂತರ ಮೊದಲನೆಯ ಸವಾಲು. ಹೃದಯದ ವಿದ್ಯುತ್ ಸಂಕೇತ ಮಿಲಿಸೆಕೆಂಡುಗಳಲ್ಲಿ ಬದಲಾಗುತ್ತದೆ, ಬಡಿತಕ್ಕೆ ಒಂದು ಸೆಕೆಂಡಿನಷ್ಟು ಕಾಲ ಬೇಕು, ರೋಗದಿಂದ ಸ್ನಾಯು ದಪ್ಪವಾಗಲು ತಿಂಗಳುಗಳೇ ಹಿಡಿಯುತ್ತವೆ. ಎಲ್ಲವನ್ನೂ ಅತಿ ಚಿಕ್ಕ ಕಾಲಹೆಜ್ಜೆಯಲ್ಲಿ ಲೆಕ್ಕ ಹಾಕುವುದು ಅಸಾಧ್ಯ.

ಎರಡನೆಯದು ಗಣಕಶಕ್ತಿಯ ಬಳಕೆ. ಇಂದಿನ ಸೂಪರ್‌ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕುವುದಕ್ಕಿಂತ ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದೇ ಹೆಚ್ಚು ಸಮಯ ಮತ್ತು ವಿದ್ಯುತ್ತನ್ನು ಬೇಡುತ್ತದೆ. ಸಂಯೋಜಿತ ಮಾದರಿಗಳಲ್ಲಿ ಈ ಸಾಗಣೆ ಇನ್ನೂ ಹೆಚ್ಚು. ಒಂದು ಭಾಗದ ಲೆಕ್ಕ ಬೇಗ ಮುಗಿದರೆ ಇನ್ನೊಂದು ಭಾಗ ಮುಗಿಯುವವರೆಗೆ ಅದು ಕಾಯುತ್ತ ಕೂರಬೇಕಾಗುತ್ತದೆ.

ಮೂರನೆಯದು ಅನಿಶ್ಚಿತತೆ. ಒಂದು ಭಾಗದ ಸಣ್ಣ ದೋಷ ಇನ್ನೊಂದು ಭಾಗಕ್ಕೆ ದಾಟಿ, ಅಲ್ಲಿ ಬೆಳೆದು, ಮತ್ತೆ ಮೊದಲಿನದಕ್ಕೆ ಮರಳಬಹುದು. ಎರಡು ಭಾಗಗಳ ದೋಷಗಳು ಒಂದನ್ನೊಂದು ಮರೆಮಾಚಿ ಉತ್ತರವು ಸರಿಯಾಗಿರುವಂತೆ ತೋರುವುದೂ ಉಂಟು. ಆದ್ದರಿಂದ ಫಲಿತಾಂಶವನ್ನು ಬಳಸುವವರು ಅಂತಿಮ ಬೆಲೆಯೊಂದನ್ನೇ ನೋಡದೆ, ಸಂಪರ್ಕ ಮೇಲ್ಮೈಯಲ್ಲಿ ಬಲ, ಉಷ್ಣ ಮತ್ತು ದ್ರವ್ಯದ ಲೆಕ್ಕ ಎರಡೂ ಬದಿಯಲ್ಲಿ ತಾಳೆಯಾಗಿದೆಯೇ, ಜಾಲ ಮತ್ತು ಕಾಲಹೆಜ್ಜೆಗಳನ್ನು ಚಿಕ್ಕದಾಗಿಸಿದಾಗ ಉತ್ತರ ಬದಲಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸುವುದು ಅಗತ್ಯವಾಗಿದೆ.